ಜೇಬಿನಲ್ಲಿರುವ ತೋಟೆ

ಅಮೆರಿಕದ ಹಲವು ರಾಜ್ಯಗಳ ಬೇಟೆ ಕಾನೂನಿನಲ್ಲಿ ಮೇಲ್ನೋಟಕ್ಕೆ ವಿಚಿತ್ರವಾಗಿ ಕಾಣುವ ಒಂದು ನಿಯಮವಿದೆ. ಜಿಂಕೆ ಬೇಟೆಯ ಹಂಗಾಮು ನಡೆಯುತ್ತಿರುವ ದಿನಗಳಲ್ಲಿ ಮೊಲಕ್ಕೋ ಅಳಿಲಿಗೋ ಹೊರಟವನ ಹತ್ತಿರ ದಪ್ಪ ಚರೆಯ ತೋಟೆಯಾಗಲಿ ಒಂಟಿ ಗುಂಡಿನ ತೋಟೆಯಾಗಲಿ ಇರಕೂಡದು. ಅದನ್ನು ಹಾರಿಸಿರಬೇಕೆಂದಿಲ್ಲ, ಕೋವಿಗೆ ತುಂಬಿರಬೇಕೆಂದೂ ಇಲ್ಲ. ಜೇಬು ತಡಕಿದಾಗ ಸಿಕ್ಕರೆ ಸಾಕು, ತಪ್ಪು ನಡೆದುಹೋದಂತೆಯೇ. ಬಿಲ್ಲುಬಾಣಕ್ಕೆಂದೇ ಮೀಸಲಾದ ವಾರಗಳಲ್ಲಿ ಕೋವಿ ಹಿಡಿದು ಕಾಡು ಹೊಗುವಂತಿಲ್ಲ ಎನ್ನುವುದೂ ಇದೇ ಜಾತಿಯ ನಿಯಮ. ಆತ್ಮರಕ್ಷಣೆಗೆ ಪಿಸ್ತೂಲು ಇಟ್ಟುಕೊಳ್ಳಿ, ಆದರೆ ಅದರಿಂದ ಜಿಂಕೆ ಹೊಡೆಯಬೇಡಿ ಎಂದು ಕೆಲವು ರಾಜ್ಯಗಳು ಅದನ್ನು ಸಡಿಲಿಸಿವೆ, ಅಷ್ಟೇ. ಹನ್ನೆರಡು ಬೋರಿನ ಕೋವಿಯ ಮೂರು ತೋಟೆಗಳನ್ನು ಅಂಗೈ ಮೇಲಿಟ್ಟು ನೋಡಿದರೆ ಹೊರಗಿನಿಂದ ಹೆಚ್ಚು ವ್ಯತ್ಯಾಸ ತಿಳಿಯದು: ಅದೇ ದಪ್ಪ, ಅದೇ ಹಿತ್ತಾಳೆಯ ಬುಡ. ಒಂದರೊಳಗೆ ಮೂರು ಮಿಲಿಮೀಟರಿಗೂ ಸಣ್ಣದಾದ ಇನ್ನೂರಕ್ಕೂ ಹೆಚ್ಚು ಚರೆಗಳು. ಇನ್ನೊಂದರಲ್ಲಿ ಎಂಟು ಮಿಲಿಮೀಟರು ದಾಟಿದ ಒಂಬತ್ತು. ಮತ್ತೊಂದರಲ್ಲಿ ಸುಮಾರು 28 ಗ್ರಾಂ ತೂಗುವ ಒಂದೇ ಗುಂಡು. ಮೊದಲನೆಯದು ಮೊಲವನ್ನು ನಿಂತಲ್ಲೇ ಮುಗಿಸುತ್ತದೆ. ಅದನ್ನೇ ದೂರದಿಂದ ಜಿಂಕೆಗೆ ಹಾರಿಸಿದರೆ ಅದು ಸಾಯುವುದಿಲ್ಲ. ಮೈತುಂಬ ಚರೆ ಹೊತ್ತು ಓಡಿಹೋಗಿ ಎಲ್ಲೋ ಪೊದೆಯಲ್ಲಿ ನರಳುತ್ತದೆ. ಕೊಲ್ಲಬಹುದು, ಆದರೆ ಇದಕ್ಕೆ ಇದು, ಅದಕ್ಕೆ ಅದು ಎಂದು ಕಾನೂನು ವಿಂಗಡಿಸಿ ಹೇಳುವಾಗ ಅದು ಯಾರ ಪರವಾಗಿ ಮಾತಾಡುತ್ತಿದೆ? ರಾಜ್ಯದ ಪರವಾಗಿಯೇ, ಉಳಿದ ಬೇಟೆಗಾರರ ಪರವಾಗಿಯೇ, ಅಥವಾ ಸಾಯಲಿರುವ ಪ್ರಾಣಿಯ ಪರವಾಗಿಯೇ? ಮೂರನೆಯದೇ ಸರಿಯಾದ ಉತ್ತರ, ಮತ್ತು ಉಳಿದೆರಡು ಉತ್ತರಗಳ ಮೇಲೆ ಈ ನಿಯಮವನ್ನು ನಿಲ್ಲಿಸಲು ಹೋದರೆ ಅದು ನಿಲ್ಲುವುದಿಲ್ಲ ಎಂಬುದು ನನ್ನ ವಾದ.

ಬೇಟೆಗೂ ಒಂದು ಧರ್ಮವಿದೆ ಎಂಬ ಮಾತು ನಮಗೆ ಹೊಸದಲ್ಲ. ಮಹಾಭಾರತದ ವನಪರ್ವದಲ್ಲಿ ಮೂಕನೆಂಬ ದಾನವ ಹಂದಿಯ ರೂಪದಲ್ಲಿ ನುಗ್ಗಿ ಬಂದಾಗ ಅರ್ಜುನನ ಬಾಣವೂ ಕಿರಾತನ ಬಾಣವೂ ಒಟ್ಟಿಗೆ ಅದಕ್ಕೆ ನಾಟುತ್ತವೆ. ನಾನು ಗುರಿಯಿಟ್ಟ ಮೃಗಕ್ಕೆ ನೀನು ಹೊಡೆದೆ, ಇದು ಮೃಗಯಾಧರ್ಮವಲ್ಲ ಎಂದು ಅರ್ಜುನ ಜಗಳ ತೆಗೆಯುತ್ತಾನೆ. ಕಿರಾತನೂ ಮೊದಲು ಗುರಿಯಿಟ್ಟವನು ತಾನೇ ಎನ್ನುತ್ತಾನೆ. ಆ ಜಗಳದಲ್ಲಿ ಹಂದಿಗೆ ಏನೂ ಪಾಲಿಲ್ಲ. ಇಲ್ಲಿ ಧರ್ಮವೆಂದರೆ ಇಬ್ಬರು ಬೇಟೆಗಾರರ ನಡುವಿನ ಹಕ್ಕುಬಾಧ್ಯತೆ, ಬಿದ್ದ ಮೃಗ ಯಾರದ್ದು ಎಂಬ ವ್ಯಾಜ್ಯ. ಕೌಟಿಲ್ಯ ರಾಜವ್ಯಸನಗಳನ್ನು ತೂಗುವಾಗ ಜೂಜಿಗಿಂತ ಬೇಟೆಯೇ ವಾಸಿ ಎನ್ನುತ್ತಾನೆ. ಮೈಗೆ ವ್ಯಾಯಾಮ, ಬೊಜ್ಜು ಕರಗುತ್ತದೆ, ಓಡುವ ಗುರಿಗೂ ನಿಂತ ಗುರಿಗೂ ಹೊಡೆಯುವ ಅಭ್ಯಾಸವಾಗುತ್ತದೆ ಎಂಬುದು ಅವನ ಲೆಕ್ಕ. ಅಲ್ಲಿಯೂ ಪ್ರಾಣಿ ಗುರಿಹಲಗೆಗಿಂತ ಹೆಚ್ಚಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ' ಬೇಟೆಯನ್ನು ವಿನೋದಗಳ ಸಾಲಿನಲ್ಲೇ ಇಟ್ಟು, ಪಳಗಿಸಿದ ಜಿಂಕೆಯನ್ನು ಮುಂದೆ ಬಿಟ್ಟು ಕಾಡಿನ ಜಿಂಕೆಯನ್ನು ಹತ್ತಿರ ಸೆಳೆಯುವ ಉಪಾಯದವರೆಗೆ ವಿವರಿಸುತ್ತದೆ. ಅಷ್ಟು ಸೂಕ್ಷ್ಮವಾಗಿ ಕಾಡನ್ನು ನೋಡಿದ ಕಣ್ಣಿಗೆ ಆ ಉಪಾಯದಲ್ಲಿ ಮೋಸವೇನೂ ಕಾಣಲಿಲ್ಲ.

ಯಾಕೆ ಕಾಣಲಿಲ್ಲ ಎಂಬುದಕ್ಕೆ ವಾಲಿವಧೆಯ ಪ್ರಸಂಗ ಉತ್ತರ ಕೊಡುತ್ತದೆ. ಮರೆಯಲ್ಲಿ ನಿಂತು ಹೊಡೆದೆಯಲ್ಲ ಎಂದು ವಾಲಿ ಕೇಳಿದಾಗ ವಾಲ್ಮೀಕಿಯ ರಾಮ ಕೊಡುವ ಸಮಾಧಾನಗಳಲ್ಲಿ ಒಂದು ಇದು: ಮನುಷ್ಯರು ಬಲೆ ಬೀಸಿ, ಪಾಶ ಒಡ್ಡಿ, ಅಡಗಿ ಕೂತು ಮೃಗಗಳನ್ನು ಹಿಡಿಯುತ್ತಾರೆ, ಅವು ಎಚ್ಚರವಾಗಿರಲಿ ಮೈಮರೆತಿರಲಿ, ಎದುರಿಗಿರಲಿ ಬೆನ್ನು ತಿರುಗಿಸಿರಲಿ, ದೋಷವಿಲ್ಲ, ನೀನೋ ಶಾಖಾಮೃಗ. ಇದು ಸಮಾಧಾನವಾಗಬೇಕಾದರೆ ಕೇಳುವವರೆಲ್ಲರೂ ಒಂದು ಮಾತನ್ನು ಆಗಲೇ ಒಪ್ಪಿರಬೇಕು: ಯುದ್ಧದಲ್ಲಿ ಆಯುಧಕ್ಕೆ ಕಟ್ಟಳೆಯಿದೆ, ಬೇಟೆಯಲ್ಲಿ ಇಲ್ಲ. ಮನುಸ್ಮೃತಿ ಯುದ್ಧದಲ್ಲಿ ಮರೆಮಾಚಿದ ಆಯುಧ, ಮುಳ್ಳುಬಾಣ, ವಿಷ ಸವರಿದ ಬಾಣ, ಬೆಂಕಿ ಹೊತ್ತಿಸಿದ ಬಾಣ ಇವನ್ನು ಬಳಸಬಾರದೆನ್ನುತ್ತದೆ. ಅಂಥ ಕಟ್ಟಳೆಯ ಹಿಂದೆ ಒಂದು ಕೊಡುಕೊಳ್ಳುವ ಲೆಕ್ಕವಿದೆ. ಇವತ್ತು ನಾನು ನಿನಗೆ ವಿಷಬಾಣ ಬಿಟ್ಟರೆ ನಾಳೆ ನೀನು ನನ್ನ ಮಗನಿಗೆ ಬಿಡುತ್ತೀಯೆ. ಜಿಂಕೆ ಏನನ್ನೂ ತಿರುಗಿ ಬಿಡಲಾರದು. ಆದ್ದರಿಂದ ಅದರೊಡನೆ ಒಪ್ಪಂದವಿಲ್ಲ. ಒಪ್ಪಂದವಿಲ್ಲದ್ದರಿಂದ ನಿಯಮವೂ ಇಲ್ಲ. ಬಹಳ ಹಳೆಯ, ಬಹಳ ಗಟ್ಟಿಯಾದ ತರ್ಕ ಇದು. ಇಂದಿಗೂ ಪ್ರಾಣಿಗೆ ಹಕ್ಕಿಲ್ಲ ಎನ್ನುವವರು ಸುತ್ತಿಬಳಸಿ ಬಂದು ನಿಲ್ಲುವುದು ಇಲ್ಲಿಗೇ.

ಆದರೆ ಅದೇ ಮಹಾಭಾರತದ ಆದಿಪರ್ವದಲ್ಲಿ ಈ ತರ್ಕಕ್ಕೆ ಒಂದು ಮೃಗವೇ ಎದುರುವಾದ ಹೂಡುತ್ತದೆ. ಪಾಂಡುರಾಜ ಕೂಡುತ್ತಿದ್ದ ಜಿಂಕೆಜೋಡಿಗೆ ಐದು ಬಾಣ ಬಿಡುತ್ತಾನೆ. ಗಂಡುಜಿಂಕೆಯ ರೂಪದಲ್ಲಿದ್ದವನು ಕಿಂದಮನೆಂಬ ಋಷಿ. ಸಾಯುತ್ತ ಅವನು ಆಡುವ ಮಾತನ್ನು ಶಾಪದ ಅವಸರದಲ್ಲಿ ನಾವು ಸಾಮಾನ್ಯವಾಗಿ ದಾಟಿಬಿಡುತ್ತೇವೆ. ಪಾಂಡು ರಾಮನಂತೆಯೇ ವಾದಿಸುತ್ತಾನೆ: ರಾಜರು ಮೃಗಗಳನ್ನು ಬಯಲಿನಲ್ಲೂ ಹೊಡೆಯುತ್ತಾರೆ, ಉಪಾಯದಿಂದಲೂ ಹೊಡೆಯುತ್ತಾರೆ, ಅಗಸ್ತ್ಯರೇ ಯಜ್ಞಕ್ಕಾಗಿ ಬೇಟೆಯಾಡಿದ್ದರು, ನನ್ನನ್ನೇಕೆ ನಿಂದಿಸುತ್ತೀ? ಕಿಂದಮ ಇದನ್ನು ಅಲ್ಲಗಳೆಯುವುದಿಲ್ಲ. ನೀನು ಜಿಂಕೆಯನ್ನು ಕೊಂದೆ ಎಂದು ನನ್ನ ಆಕ್ಷೇಪವಲ್ಲ, ಕೊಂದ ಹೊತ್ತು ಮತ್ತು ಬಗೆ ಕ್ರೂರವಾದದ್ದು, ಎಲ್ಲ ಜೀವಿಗಳೂ ಬಯಸುವ ಸುಖದ ನಡುವೆ ಹೊಡೆದೆ, ಸ್ವಲ್ಪ ಕಾಯಬಹುದಿತ್ತು ಎನ್ನುತ್ತಾನೆ. ಕಿಂದಮನ ಈ ಮಾತು ಬೇಟೆಯ ತತ್ತ್ವವನ್ನೇ ಬೇರೆ ನೆಲದ ಮೇಲೆ ನಿಲ್ಲಿಸುತ್ತದೆ. ಕೊಲ್ಲುವ ಅಧಿಕಾರವಿದ್ದ ಮಾತ್ರಕ್ಕೆ ಹೇಗೆ ಬೇಕಾದರೂ ಕೊಲ್ಲುವ ಅಧಿಕಾರ ಬರುವುದಿಲ್ಲ, ಸಾಯುವ ಪ್ರಾಣಿಗೂ ಸಾಯುವ ಬಗೆಯ ಮೇಲೆ ಒಂದು ಹಕ್ಕಿದೆ. ಅವನು ಮೃಗವಲ್ಲ, ಋಷಿ, ಅದಕ್ಕೇ ಶಾಪ ತಟ್ಟಿತು ಎಂದು ಹೇಳಬಹುದು. ಆದರೆ ಕಥೆ ಅಷ್ಟು ಸುಲಭವಾಗಿ ಬಿಟ್ಟುಕೊಡುವುದಿಲ್ಲ: ತಿಳಿಯದೆ ಹೊಡೆದದ್ದರಿಂದ ನಿನಗೆ ಬ್ರಹ್ಮಹತ್ಯೆಯ ದೋಷ ಬಾರದು ಎಂದು ಕಿಂದಮನೇ ಹೇಳುತ್ತಾನೆ. ಶಾಪ ಋಷಿಯನ್ನು ಕೊಂದದ್ದಕ್ಕಲ್ಲ. ಜಿಂಕೆಯೆಂದೇ ತಿಳಿದು, ಜಿಂಕೆಯನ್ನು ಹಾಗೆ ಕೊಂದದ್ದಕ್ಕೆ.

ಆಧುನಿಕ ಬೇಟೆ ಕಾನೂನು ತನಗರಿವಿಲ್ಲದೆ ಕಿಂದಮನ ಪಕ್ಷ ಹಿಡಿದಿದೆ. ಜರ್ಮನಿಯ ಬೇಟೆ ಕಾಯಿದೆ ಗೊರಸಿನ ಪ್ರಾಣಿಗಳಿಗೆ ಚರೆ ಹಾರಿಸುವುದನ್ನು ನಿಷೇಧಿಸುತ್ತದೆ. ಸಣ್ಣ ಜಾತಿಯ ರೋ ಜಿಂಕೆಯಾದರೆ ನೂರು ಮೀಟರು ದೂರದಲ್ಲಿಯೂ ಗುಂಡಿಗೆ ಕನಿಷ್ಠ 1000 ಜೂಲ್ ಶಕ್ತಿ ಉಳಿದಿರಬೇಕು, ಅದಕ್ಕಿಂತ ದೊಡ್ಡ ಜಿಂಕೆಯಾದರೆ 6.5 ಮಿಲಿಮೀಟರಿಗೆ ಕಡಿಮೆಯಿಲ್ಲದ ಗುಂಡು ಮತ್ತು 2000 ಜೂಲ್ ಬೇಕು ಎನ್ನುತ್ತದೆ. ಇಂಗ್ಲೆಂಡಿನ 1991ರ ಜಿಂಕೆ ಕಾಯಿದೆಯೂ ರೈಫಲ್ಲಿನ ನಳಿಗೆಗೆ, ಗುಂಡಿನ ಶಕ್ತಿಗೆ ಕನಿಷ್ಠ ಮಿತಿ ಹಾಕುತ್ತದೆ, ಚರೆಕೋವಿಯನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ, ಬಾಣವನ್ನಂತೂ ಒಪ್ಪುವುದೇ ಇಲ್ಲ. ಗಮನಿಸಬೇಕಾದದ್ದು ಏನೆಂದರೆ ಇವೆಲ್ಲ ಕನಿಷ್ಠ ಮಿತಿಗಳು. ಯುದ್ಧದ ಕಟ್ಟಳೆ ಆಯುಧ ಇಷ್ಟಕ್ಕಿಂತ ಘೋರವಾಗಿರಬಾರದು ಎಂದರೆ ಬೇಟೆಯ ಕಟ್ಟಳೆ ಇಷ್ಟಕ್ಕಿಂತ ದುರ್ಬಲವಾಗಿರಬಾರದು ಎನ್ನುತ್ತದೆ. ಅರೆಬರೆ ಕೊಲ್ಲಬೇಡ ಎಂಬುದು ಅದರ ಅರ್ಥ. ಇದು ನನ್ನ ಊಹೆಯಲ್ಲ ಎಂಬುದಕ್ಕೆ ಅದೇ ಇಂಗ್ಲಿಷ್ ಕಾಯಿದೆ ಕೊಡುವ ವಿನಾಯಿತಿಯನ್ನು ನೋಡಬೇಕು. ಗಾಯಗೊಂಡು ನರಳುವ ಜಿಂಕೆಯೊಂದು ಕಣ್ಣಿಗೆ ಬಿದ್ದಾಗ ದಯೆಯಿಂದ ಅದರ ಪ್ರಾಣ ಬಿಡಿಸಿದವನನ್ನು ಕಾಯಿದೆ ಬಿಟ್ಟುಬಿಡುತ್ತದೆ. ಹಾಗೆ ಮುಗಿಸಲು ಸಮೀಪದಿಂದ ಚರೆಕೋವಿ ಬಳಸಿದರೂ ತಪ್ಪಿಲ್ಲ. ಯಾವುದೇ ನಿಯಮ ಏತಕ್ಕಾಗಿ ಇದೆಯೆಂದು ತಿಳಿಯಬೇಕಾದರೆ ಅದು ಎಲ್ಲಿ ತಾನೇ ಹಿಂದೆ ಸರಿಯುತ್ತದೆ ಎಂದು ಹುಡುಕಬೇಕು. ಈ ನಿಯಮ ಹಿಂದೆ ಸರಿಯುವುದು ದಯೆಯ ಮುಂದೆ.

ಇಲ್ಲಿ ಬೇಟೆಗಾರರೇ ಒಂದು ತಕರಾರು ಎತ್ತುತ್ತಾರೆ. ಆಯುಧದ ನಿಯಮ ದಯೆಗಲ್ಲ, ನ್ಯಾಯವಾದ ಸ್ಪರ್ಧೆಗೆ ಎನ್ನುತ್ತಾರೆ ಅವರು. 1887ರಲ್ಲಿ ಥಿಯೋಡರ್ ರೂಸ್‌ವೆಲ್ಟ್ ಮತ್ತು ಗೆಳೆಯರು ಕಟ್ಟಿದ ಬೂನ್ ಅಂಡ್ ಕ್ರಾಕೆಟ್ ಕ್ಲಬ್ಬು ಬೆಳೆಸಿದ ತತ್ತ್ವ ಇದೇ: ಪ್ರಾಣಿಗೆ ತಪ್ಪಿಸಿಕೊಳ್ಳುವ ಅವಕಾಶ ಇರಬೇಕು. ಸ್ಪೇನಿನ ತತ್ತ್ವಜ್ಞ ಓರ್ಟೆಗಾ ಇ ಗ್ಯಾಸೆಟ್ 1942ರಲ್ಲಿ ಬರೆದ ಬೇಟೆಯ ಚಿಂತನೆಯಲ್ಲಿ ಇದಕ್ಕೆ ದಾರ್ಶನಿಕ ರೂಪ ಕೊಟ್ಟ; ತನ್ನ ಬಲವನ್ನು ತಾನೇ ತಗ್ಗಿಸಿಕೊಳ್ಳುವುದರಲ್ಲಿ ಬೇಟೆಯ ಸತ್ತ್ವವಿದೆ ಎಂಬುದು ಅವನ ನಿಲುವು. ಕೇಳಲು ಉದಾತ್ತವಾಗಿದೆ. ಆದರೆ ಬಿಲ್ಲನ್ನು ಮುಂದಿಟ್ಟು ನೋಡಿದರೆ ಬಿರುಕು ಕಾಣುತ್ತದೆ. ಅಮೆರಿಕದ ರಾಜ್ಯಗಳು ಬಿಲ್ಲುಗಾರನಿಗೆ ಕೋವಿಯವನಿಗಿಂತ ಉದ್ದದ ಹಂಗಾಮು ಕೊಡುತ್ತವೆ. ಇಂಗ್ಲೆಂಡು ಬಿಲ್ಲನ್ನು ಮುಟ್ಟಗೊಡುವುದಿಲ್ಲ. ಎರಡೂ ನಾಗರಿಕ ದೇಶಗಳು, ಎರಡೂ ಆಯುಧಕ್ಕೆ ನಿಯಮ ಮಾಡಿವೆ, ಆದರೆ ಒಂದಕ್ಕೊಂದು ತಿರುಗಾಮುರುಗಾ. ಸ್ಪರ್ಧೆಯ ದೃಷ್ಟಿಯಿಂದ ಬಿಲ್ಲು ಶ್ರೇಷ್ಠ, ಏಕೆಂದರೆ ಜಿಂಕೆ ತಪ್ಪಿಸಿಕೊಳ್ಳಬಹುದು. ದಯೆಯ ದೃಷ್ಟಿಯಿಂದ ಅದೇ ಕಾರಣಕ್ಕೆ ಅದು ಸಂಶಯಾಸ್ಪದ, ಏಕೆಂದರೆ ಹಾಗೆ ತಪ್ಪಿಸಿಕೊಳ್ಳುವ ಜಿಂಕೆ ಕೆಲವೊಮ್ಮೆ ಬಾಣ ಸಮೇತ ತಪ್ಪಿಸಿಕೊಳ್ಳುತ್ತದೆ. ಇವೆರಡರಲ್ಲಿ ಒಂದನ್ನು ಆರಿಸಲೇಬೇಕು. ನಾನು ದಯೆಯನ್ನು ಆರಿಸುತ್ತೇನೆ, ಕಾರಣ ಸರಳ: ಸ್ಪರ್ಧೆಯಾಗಬೇಕಾದರೆ ಇಬ್ಬರೂ ಒಪ್ಪಿ ಅಖಾಡಕ್ಕಿಳಿದಿರಬೇಕು. ಜಿಂಕೆ ಒಪ್ಪಿಲ್ಲ, ಗೆದ್ದರೆ ಅದಕ್ಕೆ ಸಿಗುವುದೂ ಏನಿಲ್ಲ, ಮೊದಲೇ ತನ್ನದಾಗಿದ್ದ ಜೀವ ಬಿಟ್ಟರೆ. ಬಲ ತಗ್ಗಿಸಿಕೊಳ್ಳುವುದರಿಂದ ಬೇಟೆಗಾರನ ಸಂತೋಷಕ್ಕೆ ರುಚಿ ಬರುತ್ತದೆ, ನಿಜ. ಆ ರುಚಿಯ ಖರ್ಚನ್ನು ಜಿಂಕೆಯ ಮೈಮೇಲೆ ಹಾಕುವುದಕ್ಕೆ ನ್ಯಾಯವೆಂಬ ಹೆಸರು ಒಪ್ಪುವುದಿಲ್ಲ.

ಹಾಗಾದರೆ ಅತಿ ಬಲಿಷ್ಠ ರೈಫಲ್ಲು, ಕತ್ತಲಲ್ಲೂ ಮೈಶಾಖ ಗುರುತಿಸುವ ದೂರದರ್ಶಕ, ಇವೇ ಅತಿ ಧರ್ಮಸಮ್ಮತವೆ, ಕಾಡನ್ನು ಕಸಾಯಿಖಾನೆ ಮಾಡಬೇಕೆ ಎಂದು ಕೇಳಬಹುದು. ನೋವಿನ ಮಟ್ಟಿಗೆ ಹೌದು ಎನ್ನಲು ನಾನು ಹಿಂಜರಿಯುವುದಿಲ್ಲ. ಬೇಟೆಯ ರಮ್ಯತೆ ಕಳೆದುಹೋದರೆ ಕಳೆದುಕೊಳ್ಳುವವನು ಬೇಟೆಗಾರ, ಜಿಂಕೆಯಲ್ಲ. ಸಂತತಿ ಅಳಿಯುತ್ತದೆಂಬ ಭಯಕ್ಕೆ ಮದ್ದು ಬೇರೆಯೇ ಇದೆ: ಎಷ್ಟು ಹೊಡೆಯಬಹುದು, ಯಾವ ತಿಂಗಳಲ್ಲಿ, ಗಂಡೋ ಹೆಣ್ಣೋ ಎಂಬ ಲೆಕ್ಕದ ನಿಯಮಗಳು. ಕೊಲ್ಲುವ ಸಂಖ್ಯೆ ಇಳಿಸಲು ಆಯುಧವನ್ನು ಮೊಂಡು ಮಾಡುವುದು ಎರಡು ಪ್ರಶ್ನೆಗಳನ್ನು ಒಂದೇ ಗಂಟಿಗೆ ಕಟ್ಟಿದಂತೆ. ದಯೆಗೆ ಗುರಿಯಿಟ್ಟ ಪ್ರಾಣಿಯಾಚೆಗೂ ವ್ಯಾಪ್ತಿಯಿದೆ ಎಂಬುದನ್ನೂ ಸೇರಿಸಬೇಕು. ಕ್ಯಾಲಿಫೋರ್ನಿಯ 2019ರಿಂದ ಬೇಟೆಗೆ ಸೀಸದ ಗುಂಡನ್ನೇ ನಿಲ್ಲಿಸಿತು. ಬೇಟೆಗಾರ ಬಿಟ್ಟುಹೋದ ಕರುಳನ್ನು ತಿಂದ ಕಾಂಡೋರ್ ಹದ್ದುಗಳು ಸೀಸದ ವಿಷವೇರಿ ಸಾಯುತ್ತಿದ್ದವು. ಶಬ್ದವೇಧಿಯಾದ ದಶರಥ ಕತ್ತಲಲ್ಲಿ ಕೊಡಕ್ಕೆ ನೀರು ತುಂಬುವ ಸದ್ದಿಗೆ ಬಾಣ ಬಿಟ್ಟ ಕಥೆ ಎಲ್ಲರಿಗೂ ಗೊತ್ತು. ಕಣ್ಣು ಹೋಗದ ಕಡೆಗೆ ಹೋಗುವ ಆಯುಧ ಅವನದು; ಸೀಸದ ಗುಂಡೂ ಅಂಥದ್ದೇ.

ಈಗ ಜೇಬಿನ ತೋಟೆಗೆ ಬರೋಣ, ಏಕೆಂದರೆ ಗಂಭೀರವಾದ ತಾತ್ವಿಕ ಆಕ್ಷೇಪ ಇರುವುದು ಅದರ ಬಗ್ಗೆಯೇ. ಹಾರಿಸದ ಗುಂಡಿಗೆ ದಂಡ ಹಾಕುವುದೆಂದರೆ ಮನಸ್ಸಿನ ಮೇಲೆ ಕಾವಲು ಕೂರಿಸಿದಂತಲ್ಲವೆ? ನಿನ್ನೆಯ ಜಿಂಕೆ ಬೇಟೆಯ ತೋಟೆ ಇವತ್ತು ಮೊಲಕ್ಕೆ ಹೊರಟಾಗ ಮರೆತು ಉಳಿದಿರಬಹುದು. ಕನ್ನಡದಲ್ಲಿ ಈ ಪ್ರಶ್ನೆಯ ಇನ್ನೊಂದು ತುದಿಯನ್ನು ಜನ್ನ 1209ರಲ್ಲೇ ಹಿಡಿದಿದ್ದಾನೆ. 'ಯಶೋಧರ ಚರಿತೆ'ಯಲ್ಲಿ ಕತ್ತಿ ಬೀಳುವುದು ಹಿಟ್ಟಿನ ಕೋಳಿಯ ಮೇಲೆ. ಹೋದ ಜೀವವಿಲ್ಲ, ಆದರೂ ಸಂಕಲ್ಪಹಿಂಸೆಯ ಫಲವಾಗಿ ಆ ಬಲಿ ಕೊಟ್ಟ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರ ಪ್ರಾಣಿಗಳಾಗಿ ಹುಟ್ಟಿ ಸಾಯುತ್ತಾರೆ. ಈ ಜೈನಕಥೆಯ ಲೆಕ್ಕದಲ್ಲಿ ಸಂಕಲ್ಪವೇ ಎಲ್ಲ. ಬೇಟೆ ಕಾನೂನು ತದ್ವಿರುದ್ಧ: ಸಂಕಲ್ಪ ಏನಿತ್ತೆಂದು ಅದು ಕೇಳುವುದೇ ಇಲ್ಲ, ತೋಟೆಯನ್ನಷ್ಟೇ ಎಣಿಸುತ್ತದೆ. ಹಾಗಿದ್ದೂ ಇವೆರಡರ ನಡುವೆ ಸೇತುವೆಯಿದೆ, ಅದೂ ಜೈನರಲ್ಲೇ ಇದೆ. ಶ್ರಾವಕನ, ಎಂದರೆ ಜೈನ ಗೃಹಸ್ಥನ, ವ್ರತಗಳಲ್ಲಿ ಅನರ್ಥದಂಡವಿರತಿ ಎಂಬುದೊಂದು: ಪ್ರಯೋಜನವಿಲ್ಲದ ಹಿಂಸೆಯಿಂದ ದೂರವಿರುವುದು. ವಿಷ, ಆಯುಧ, ಬೆಂಕಿ, ಹಗ್ಗದಂಥ ಹಿಂಸೆಯ ಉಪಕರಣಗಳನ್ನು ಇನ್ನೊಬ್ಬರ ಕೈಗೆ ಕೊಡುವ ಹಿಂಸಾದಾನವನ್ನು ಅದು ದೋಷವೆಂದು ಎಣಿಸುತ್ತದೆ. ಕೊಟ್ಟವನು ಯಾರನ್ನೂ ಕೊಂದಿಲ್ಲ, ಪಡೆದವನು ಇನ್ನೂ ಕೊಂದಿಲ್ಲ. ಆದರೂ ಉಪಕರಣ ಕೈಗೆ ಬಂದಾಗಲೇ ಹಿಂಸೆ ಅರ್ಧ ದಾರಿ ನಡೆದಿರುತ್ತದೆ ಎಂಬ ತಿಳಿವು ಆ ವ್ರತದ ಹಿಂದಿದೆ. ಮೊಲದ ಬೇಟೆಗೆ ಹೊರಟು ಏನೂ ಸಿಗದೆ ಸಂಜೆಯಾಗಿ, ಮೂವತ್ತು ಹೆಜ್ಜೆ ದೂರದಲ್ಲಿ ಕೊಂಬಿನ ಜಿಂಕೆಯೊಂದು ಬಂದು ನಿಂತರೆ, ಕಾಡಿನಲ್ಲಿ ನೋಡುವವರು ಯಾರೂ ಇಲ್ಲ. ಬೆಳಿಗ್ಗೆ ಇಲ್ಲದ ಸಂಕಲ್ಪ ಆಗ ಹುಟ್ಟುತ್ತದೆ. ಕಾನೂನು ಬೆಳಗಿನ ಮನಸ್ಸನ್ನು ಶಂಕಿಸುತ್ತಿಲ್ಲ, ಸಂಜೆಯ ಕೈಯನ್ನು ಮುಂಚೆಯೇ ಬರಿದು ಮಾಡುತ್ತಿದೆ. ಆಗಲೂ ಅವನು ಸಣ್ಣ ಚರೆಯನ್ನೇ ಹಾರಿಸಿ ಜಿಂಕೆಯನ್ನು ಗಾಯಗೊಳಿಸಬಹುದಲ್ಲ ಎಂದರೆ ಹೌದು, ಆ ರಂಧ್ರ ನಿಯಮದಲ್ಲಿದೆ. ಅದನ್ನು ಮುಚ್ಚಲು ಜಿಂಕೆಗೆ ಚರೆ ಹಾರಿಸುವುದೇ ಅಪರಾಧ ಎಂಬ ಎರಡನೆಯ ನಿಯಮ ಬೇಕು. ಒಂದಿದ್ದು ಇನ್ನೊಂದಿಲ್ಲದ ಕಡೆ ಮೊದಲನೆಯದು ಕೇವಲ ಕಳ್ಳಬೇಟೆ ಹಿಡಿಯುವ ಸಾಧನವಾಗಿಬಿಡುತ್ತದೆ.

ಆಯುಧದ ನಿಯಮಗಳ ಚರಿತ್ರೆ ಗೊತ್ತಿರುವವರು ಇಷ್ಟಕ್ಕೆ ಸುಮ್ಮನಾಗುವುದಿಲ್ಲ, ಆಗಬಾರದು ಕೂಡ. ಇಂಗ್ಲೆಂಡಿನ 1671ರ ಬೇಟೆ ಕಾಯಿದೆ ವರ್ಷಕ್ಕೆ ನೂರು ಪೌಂಡು ಹುಟ್ಟುವಳಿಯ ಸ್ವಂತ ಜಮೀನಿಲ್ಲದವರು ಕೋವಿ, ಬಿಲ್ಲು, ಬೇಟೆನಾಯಿ, ಬಲೆ ಇಟ್ಟುಕೊಳ್ಳದಂತೆ ಮಾಡಿತು. ಅದು ಮೊಲದ ಮೇಲಿನ ಕರುಣೆಯಲ್ಲ, ಮೊಲ ಜಮೀನ್ದಾರನ ತಟ್ಟೆಗೇ ಸೇರಲಿ ಎಂಬ ಏರ್ಪಾಡು. ನಮ್ಮಲ್ಲಿ 1857ರ ನಿಶ್ಶಸ್ತ್ರೀಕರಣ ಕಾಯಿದೆ ಬಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಆಯುಧ ಒಪ್ಪಿಸಲಿಲ್ಲ. ಬ್ರಿಟಿಷ್ ಸೈನ್ಯ ಊರಿಗೆ ಬೆಂಕಿಯಿಟ್ಟಿತು, ಹಿಡಿದವರಲ್ಲಿ ಹಲವರನ್ನು ಗಲ್ಲಿಗೇರಿಸಿತು. ಬೇಟೆಯಿಂದ ಬದುಕಿದವರಿಗೆ ಆಯುಧದ ನಿಯಮ ಅರಸೊತ್ತಿಗೆಯ ಹೆಜ್ಜೆ ಸಪ್ಪಳವಾಗಿಯೇ ಕೇಳಿಸಿದೆ. ಈ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ, ಆದರೆ ಅದು ನನ್ನ ವಾದಕ್ಕೆ ಒರೆಗಲ್ಲಾಗುತ್ತದೆಯೇ ಹೊರತು ಅದನ್ನು ಕೆಡವುವುದಿಲ್ಲ. ಆಯುಧ ಯಾರ ಕೈಯಲ್ಲಿರಬೇಕು ಎಂದು ಕೇಳುವ ನಿಯಮ ಒಂದು, ಯಾವ ಪ್ರಾಣಿಗೆ ಯಾವ ಆಯುಧ ಎಂದು ಕೇಳುವ ನಿಯಮ ಇನ್ನೊಂದು. ಮೊದಲನೆಯದು ಬೇಟೆಗಾರನ ಜಾತಿ, ಜಮೀನು, ಜೇಬು ನೋಡುತ್ತದೆ; ಎರಡನೆಯದು ಗುಂಡು ನಾಟುವ ಮೈಯನ್ನು ನೋಡುತ್ತದೆ. ಕೊಡಗಿನ ಕೈಲ್ ಪೊಳ್ದ್ ಹಬ್ಬ ಇವೆರಡಕ್ಕೂ ಹೊರತಾದದ್ದು. ನಾಟಿಯ ಕಾಲದಲ್ಲಿ ಒಳಗಿಟ್ಟ ಕೋವಿ, ಒಡಿಕತ್ತಿಗಳನ್ನು ಸೆಪ್ಟೆಂಬರ್ ಮೊದಲ ವಾರದ ಹೊತ್ತಿಗೆ ಹೊರತೆಗೆದು, ತೊಳೆದು, ತೋಕ್ ಪೂ ಎಂಬ ಹೂ ಸಿಕ್ಕಿಸಿ ಪೂಜಿಸುವ ಆ ಪದ್ಧತಿಯಲ್ಲಿ ಆಯುಧ ಯಾವಾಗ ಕೈಗೆ ಬರಬೇಕೆಂಬುದನ್ನು ಸರಕಾರವಲ್ಲ, ಸಮುದಾಯವೇ ಗೊತ್ತುಮಾಡಿತ್ತು. ಅದರ ಮೂಲ ಗದ್ದೆಯ ದುಡಿಮೆಯಲ್ಲಿದೆ, ಜಿಂಕೆಯ ಹಿತದಲ್ಲಿಲ್ಲ ಎಂಬುದನ್ನೂ ಒಪ್ಪಬೇಕು. ಈಗ ಅಲ್ಲಿ ಗುರಿಗೆ ಕಟ್ಟುವುದು ತೆಂಗಿನಕಾಯಿಯನ್ನು.

ಕೊನೆಯ ಆಕ್ಷೇಪ ಜೈನರದ್ದು, ನನಗೆ ಎಲ್ಲಕ್ಕಿಂತ ಭಾರವಾಗಿ ಕಾಣುವುದೂ ಅದೇ. ಚೆನ್ನಾಗಿ ಕೊಲ್ಲುವುದಕ್ಕೆ ನಿಯಮ ಮಾಡಿದರೆ ಕೊಲೆಗೇ ಮರ್ಯಾದೆ ಬರುತ್ತದೆ. 2000 ಜೂಲ್ ಎಂದು ಬರೆದವನು ಅದನ್ನು ಪಾಲಿಸಿದವನಿಗೆ ನಿರಾಳವಾಗಿ ನಿದ್ರೆ ಮಾಡುವ ಪರವಾನಗಿಯನ್ನೂ ಬರೆದುಕೊಟ್ಟಂತೆ. ಭಾರತ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮತ್ತು ಅದರ ಮುಂದಿನ ತಿದ್ದುಪಡಿಗಳಿಂದ ಈ ದಾರಿಯನ್ನು ಬಹುಮಟ್ಟಿಗೆ ಮುಚ್ಚಿತು. ಅಭಯಾರಣ್ಯಕ್ಕೆ ಅನುಮತಿಯಿಲ್ಲದೆ ಯಾವ ಆಯುಧವನ್ನೂ ಒಯ್ಯುವಂತಿಲ್ಲ, ಮೊಲಕ್ಕೆ ಇದು, ಕಡವೆಗೆ ಅದು ಎಂಬ ಪ್ರಶ್ನೆಯೇ ಏಳುವುದಿಲ್ಲ. ಆದರೆ ಕೊಲ್ಲುವುದನ್ನು ನಿಷೇಧಿಸಿದ ನಾಡಿನಲ್ಲೂ ಕೊಲ್ಲುವ ಬಗೆಯ ಪ್ರಶ್ನೆ ಸತ್ತಿಲ್ಲ. ಅಶೋಕನಿಗೂ ಇದು ಗೊತ್ತಿತ್ತು: ಐದನೆಯ ಸ್ತಂಭಶಾಸನದಲ್ಲಿ ಕೊಲ್ಲಬಾರದ ಪ್ರಾಣಿಗಳ ಪಟ್ಟಿಯ ಜೊತೆಗೆ, ಜೀವಿಗಳನ್ನು ಕೊಲ್ಲಲೆಂದು ಕಾಡಿಗೆ ಬೆಂಕಿ ಇಡಬಾರದು ಎಂದು ಉಪಾಯವನ್ನೂ ಬೇರೆಯಾಗಿ ಹೆಸರಿಸಿದ್ದಾನೆ. ಪಟ್ಟಿಯಲ್ಲಿಲ್ಲದ ಪ್ರಾಣಿಗೂ ಬೆಂಕಿಯ ಸಾವು ಬೇಡವೆಂಬುದು ಅದರ ಇಂಗಿತ. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡು ಜಿಲ್ಲೆಯಲ್ಲಿ ಗರ್ಭಿಣಿ ಆನೆಯೊಂದು ಸಿಡಿಮದ್ದು ತುಂಬಿದ ತಿನಿಸನ್ನು ಕಚ್ಚಿ, ಬಾಯಿ ಛಿದ್ರವಾಗಿ, ಹೊಳೆಯ ನೀರಿನಲ್ಲಿ ನಿಂತೇ ಸತ್ತಿತು. ಅಂಥ ಸಿಡಿಮದ್ದನ್ನು ಹೊಲಗಳಲ್ಲಿ ಇಡುವುದು ಕಾಡುಹಂದಿಗೆ. ಹಂದಿಗೆ ಒಡ್ಡಿದ ತಂತಿಯ ಉರುಳಿಗೆ ಚಿರತೆ ಸೊಂಟ ಸಿಕ್ಕಿಸಿಕೊಂಡು ಒದ್ದಾಡುವುದನ್ನು ನಮ್ಮ ತೋಟ, ಹೊಲಗಳ ಅಂಚಿನವರು ಮತ್ತೆಮತ್ತೆ ನೋಡಿದ್ದಾರೆ. ಉರುಳಿಗೆ, ಸಿಡಿಮದ್ದಿಗೆ ಕಣ್ಣಿಲ್ಲ. ಯಾವ ಪ್ರಾಣಿಯೆಂದು ಅವು ಆರಿಸುವುದಿಲ್ಲ. ಎರಡು ವರ್ಷಗಳ ನಂತರ, 2022ರಲ್ಲಿ, ಬೆಳೆ ಹಾಳುಮಾಡುವ ಕಾಡುಹಂದಿಯನ್ನು ಕೊಲ್ಲಲು ಅಪ್ಪಣೆ ಕೊಡುವ ಅಧಿಕಾರವನ್ನು ಕೇರಳ ಸ್ಥಳೀಯ ಸಂಸ್ಥೆಗಳಿಗೆ ವಹಿಸಿದಾಗ ವಿಷ, ಸ್ಫೋಟಕ, ವಿದ್ಯುತ್ತು ಬಳಸಕೂಡದೆಂಬ ಷರತ್ತು ಹಾಕಿತು. ಆ ಷರತ್ತಿನಿಂದ ಹಂದಿಯ ಕೊಲೆಗೆ ಮರ್ಯಾದೆ ಬಂತೆಂದು ಜೈನರು ಹೇಳಿದರೆ ನಾನು ವಾದಿಸಲಾರೆ, ಸ್ವಲ್ಪ ಬಂದಿರಲೂಬಹುದು. ಆದರೆ ಅಪ್ಪಣೆ ಹೇಗೂ ಹೊರಡಲಿದ್ದಾಗ, ಷರತ್ತಿಲ್ಲದ ಅಪ್ಪಣೆಗೆ ಯಾವ ಅಹಿಂಸಾವಾದಿ ತಾನೇ ತನ್ನ ಮತ ಕೊಟ್ಟಾನು?